ಎಂಜಲಿನ ವಂಶಾವಳಿ

ವಂಶ ಯಾವುದೆಂದು ಹೇಳುವ ಡಿಎನ್‌ಎ ಕಿಟ್ಟಿನೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದರ ಗೆರೆ ಮುಟ್ಟುವಷ್ಟು ಉಗುಳಬೇಕು. ಉಗುಳುವ ಅರ್ಧ ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ಕೇಳಿದರೆ ಯಾವುದೋ ವ್ರತದ ನೇಮದಂತಿದೆ. ಆದರೆ ಕೊಳವೆಗೆ ಬೀಳುವುದು ಎಂಜಲು. ಯಾರ ಎಂಜಲು ಯಾರಿಗೆ ತಾಕಬಾರದು ಎಂಬ ಲೆಕ್ಕದಲ್ಲೇ ಕುಲವನ್ನು ಕಾಪಾಡಿಕೊಂಡು ಬಂದ ನಾಡಿನವರು ಈಗ ತಮ್ಮ ಕುಲದ ಮೂಲ ತಿಳಿಯಲು ಅದೇ ಎಂಜಲನ್ನು ಅಂಚೆಗೆ ಹಾಕುತ್ತಿದ್ದಾರೆ.

ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಹೀಗೆ ಪರೀಕ್ಷೆ ಮಾಡಿಸಿದಳು. ವರದಿಯನ್ನು ನನಗೆ ಕಳಿಸಿ, ‘ಅಕ್ಕಾ, ನೀನು ಕಲ್ಲಲ್ಲಿರೋ ವಂಶಾವಳಿನೇ ಓದ್ತೀಯ, ಇದನ್ನೂ ಸ್ವಲ್ಪ ಓದಿ ಹೇಳು’ ಅಂದಳು. ನನ್ನ ಪಿಎಚ್‌ಡಿ ವಿಷಯ ಹೊಯ್ಸಳ ಶಾಸನಗಳ ಪ್ರಶಸ್ತಿ ಭಾಗ. ಊರು ಅರಸೀಕೆರೆ ತಾಲ್ಲೂಕು. ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು, ಈ ಬಸ್ಸಿನ ದಾರಿಯಲ್ಲೇ ನನ್ನ ಕ್ಷೇತ್ರಕಾರ್ಯದ ಬಹುಪಾಲು ಮುಗಿದಿದೆ. ಅವಳು ತಮಾಷೆಗೆ ಹೇಳಿದ್ದನ್ನು ನಾನು ನಿಜಕ್ಕೂ ಮಾಡಿದೆ. ಆ ವರದಿಯನ್ನು ಒಂದು ಪಠ್ಯವೆಂದು ಹಿಡಿದು ಓದಿದೆ. ಈ ವಾರ ಬರೆಯುತ್ತಿರುವುದು ಆ ಓದನ್ನು.

ಶಾಸನ ಓದಲು ಕಲಿಯುವವರಿಗೆ ಗುರುಗಳು ಮೊದಲು ಹೇಳಿಕೊಡುವುದು ಲಿಪಿಯನ್ನು. ಎರಡನೆಯದಾಗಿ ಹೇಳಿಕೊಡುವುದು ಅನುಮಾನವನ್ನು. ಒಂದೇ ಕಲ್ಲಿನ ಮೇಲೆ, ಒಂದೇ ಕೈ ಕೆತ್ತಿದ ಅಕ್ಷರಗಳಾದರೂ ಎಲ್ಲ ಸಾಲುಗಳ ತೂಕ ಒಂದೇ ಅಲ್ಲ. ಮೊದಲು ದೇವರ ಸ್ತುತಿ, ಆಮೇಲೆ ರಾಜನ ವಂಶ, ಬಿರುದುಗಳ ಸಾಲು, ಯುದ್ಧಗಳ ವರ್ಣನೆ. ಕೆಳಗೆ ಇಳಿದ ಮೇಲೆ ದಾನ ಕೊಟ್ಟ ದಿನ, ಭೂಮಿಯ ಅಳತೆ, ಎಲ್ಲೆ ಯಾವ ಕೆರೆಯ ಕೋಡಿಯಿಂದ ಯಾವ ಹುಣಸೇಮರದವರೆಗೆ ಎಂಬ ವಿವರ. ಚರಿತ್ರೆಕಾರರು ಹುಣಸೇಮರವನ್ನು ನಂಬುತ್ತಾರೆ. ದೇವರಿಂದ ರಾಜನವರೆಗಿನ ಏಣಿಯನ್ನು ನಂಬುವುದಿಲ್ಲ, ಆದರೆ ಅದನ್ನು ಯಾಕೆ ಕಟ್ಟಿದರು ಎಂದು ಕೇಳುತ್ತಾರೆ. ಕೊನೆಯಲ್ಲಿ ಶಾಪಾಶಯ ಇರುತ್ತದೆ. ವರದಿಯ ಕೊನೆಯಲ್ಲಿ ‘ನಿಯಮ ಮತ್ತು ಷರತ್ತುಗಳು’ ಇರುತ್ತವೆ. ಎರಡನ್ನೂ ಓದುವವರು ಕಡಿಮೆ.

ಹೊಯ್ಸಳರ ಏಣಿ ಗೊತ್ತಿರುವುದೇ. ಬ್ರಹ್ಮನಿಂದ ಅತ್ರಿ, ಅತ್ರಿಯಿಂದ ಚಂದ್ರ, ಅಲ್ಲಿಂದ ಬುಧ, ಪುರೂರವ, ಆಯು, ನಹುಷ, ಯಯಾತಿ, ಯದು. ಯದುವಿನ ವಂಶದಲ್ಲಿ ಸಳ. ಸೊಸೆವೂರಿನ ವಾಸಂತಿಕಾ ದೇವಿಯ ಗುಡಿಯ ಹತ್ತಿರ ಜೈನ ಮುನಿ ‘ಪೊಯ್ ಸಳ’ ಅಂದ, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಹೆಸರು ಬಂತು. ಸೊಸೆವೂರು ಎಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಈ ಕಥೆ ವಿಷ್ಣುವರ್ಧನನ ಕಾಲದಲ್ಲಿ, 1117ರ ಬೇಲೂರು ಶಾಸನದ ಹೊತ್ತಿಗೆ ಕಲ್ಲಿಗೆ ಬರುತ್ತದೆ. ಅಂದರೆ ಮನೆತನ ಮಲೆನಾಡಿನ ಅಂಚಿನಿಂದ ಇಳಿದು, ತಲಕಾಡನ್ನು ಗೆದ್ದು, ಕಲ್ಯಾಣದ ಚಾಲುಕ್ಯರ ಅಧೀನ ಎಂಬ ಸ್ಥಿತಿಯಿಂದ ತಲೆ ಎತ್ತುತ್ತಿದ್ದ ಹೊತ್ತು. ಅಂಥ ಹೊತ್ತಿನಲ್ಲಿ ದೂರದ ಅಜ್ಜ ಬೇಕಾಗುತ್ತಾನೆ. ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದು ಹೊಯ್ಸಳರಿಗೂ ಇತ್ತು, ದೇವಗಿರಿಯ ಸೇವುಣರಿಗೂ ಇತ್ತು. ಇಬ್ಬರೂ ಯದುವಿನ ಮಕ್ಕಳು. 1190ರ ಸುಮಾರಿಗೆ ಸೊರಟೂರಿನಲ್ಲಿ ಎರಡನೆಯ ಬಲ್ಲಾಳನ ಸೈನ್ಯವೂ ಭಿಲ್ಲಮನ ಸೈನ್ಯವೂ ಹೊಡೆದಾಡಿಕೊಂಡವು. ಸಮಾನ ಪೂರ್ವಜ ಯಾರ ಅಡ್ಡಕ್ಕೂ ಬರಲಿಲ್ಲ. ಮುಂದೆ ಮೈಸೂರಿನ ಒಡೆಯರೂ ತಮ್ಮ ಮೂಲವನ್ನು ದ್ವಾರಕೆಗೇ ಒಯ್ದರು.

ನನಗೆ ಇದಕ್ಕಿಂತ ಇಷ್ಟವಾಗುವುದು ಹೊಯ್ಸಳರು ಕೊನೆಯವರೆಗೂ ಬಿಡದ ಇನ್ನೊಂದು ಬಿರುದು: ‘ಮಲೆಪರೊಳ್ ಗಂಡ’. ಮಲೆಯ ನಾಯಕರೊಳಗೆ ಗಂಡು ಎಂಬ ಅಪ್ಪಟ ಕನ್ನಡದ ಮಾತು. ಯದುವಿನಿಂದ ಇಳಿದವರು ಚಿನ್ನದ ನಾಣ್ಯದ ಮೇಲೆ ಹಾಕಿಸಿದ್ದು ಇದನ್ನು. ಪ್ರಶಸ್ತಿ ಮರೆಸಲು ನೋಡಿದ ಊರನ್ನು ಬಿರುದು ನೆನಪಿಟ್ಟುಕೊಂಡಿದೆ.

ಈಗ ತಂಗಿಯ ವರದಿಗೆ ಬರೋಣ. ಬಣ್ಣದ ಭೂಪಟ, ಒಂದು ವೃತ್ತ, ಶೇಕಡಾವಾರು ಹೋಳುಗಳು. ದೊಡ್ಡ ಹೋಳು ‘ದಕ್ಷಿಣ ಭಾರತ ಮತ್ತು ಶ್ರೀಲಂಕಾ’. ಅರಸೀಕೆರೆಯ ತೆಂಗಿನ ತೋಟದವರಿಂದ ಹಿಡಿದು ಜಾಫ್ನಾದವರೆಗೆ ಎಲ್ಲರೂ ಒಂದೇ ಬಣ್ಣ. ಆರೇಳು ಸಾವಿರ ರೂಪಾಯಿ ಖರ್ಚು ಮಾಡದೆಯೂ ಇಷ್ಟನ್ನು ಹೇಳಬಹುದಿತ್ತು. ಆದರೆ ಅಂಚಿನಲ್ಲಿ ಒಂದು ತೆಳು ಹೋಳು ಇತ್ತು: ಮಧ್ಯ ಏಷ್ಯಾ, ಶೇಕಡಾ ಮೂರು ಚಿಲ್ಲರೆ. ದಶಾಂಶ ಚುಕ್ಕೆಯ ಸಮೇತ.

ಆ ಮೂರು ಚಿಲ್ಲರೆ ಏನಾಯಿತು ಎಂದು ಹೇಳಬೇಕು. ಅದು ವಾಟ್ಸಾಪಿನಲ್ಲಿ ಚಿಕ್ಕಪ್ಪನಿಗೆ ಬಂತು, ಚಿಕ್ಕಪ್ಪನಿಂದ ಇನ್ನೊಬ್ಬ ಹಿರಿಯರಿಗೆ ಹೋಯಿತು, ಕೆಲವು ತಿಂಗಳ ನಂತರ ನಮ್ಮ ಸಮುದಾಯದ ಒಂದು ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಭೂಪಟವಾಗಿ ಅಚ್ಚಾಯಿತು. ಆಮು ದರಿಯಾ ನದಿಯ ಕಡೆಯಿಂದ ಒಂದು ಬಾಣ ಹೊರಟು, ಸಿಂಧೂ ದಾಟಿ, ದ್ವಾರಕೆಯಲ್ಲಿ ಸ್ವಲ್ಪ ತಂಗಿ, ನೇರವಾಗಿ ನಮ್ಮ ತಾಲ್ಲೂಕಿಗೆ ಬಂದು ನಿಂತಿತ್ತು. ಕೆಳಗೆ ‘ವೈಜ್ಞಾನಿಕವಾಗಿ ದೃಢಪಟ್ಟಿದೆ’ ಎಂಬ ಸಾಲು. ಯಾವ ಸಮುದಾಯ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರು ಪ್ರಬಂಧವನ್ನು ಬಿಟ್ಟು ಜಾತಿಯನ್ನು ಓದುತ್ತಾರೆ. ಮುಂದಿನ ವರ್ಷ ಕಂಪನಿ ತನ್ನ ಲೆಕ್ಕವನ್ನು ಪರಿಷ್ಕರಿಸಿತು. ತಂಗಿಯ ಅದೇ ಎಂಜಲು, ಅದೇ ಅಕ್ಷರಗಳು. ಮಧ್ಯ ಏಷ್ಯಾ ಮಾತ್ರ ಮಾಯವಾಗಿ ದೊಡ್ಡ ಹೋಳಿನೊಳಗೆ ಸೇರಿಹೋಗಿತ್ತು. ಸ್ಮರಣ ಸಂಚಿಕೆಗೆ ಪರಿಷ್ಕರಣೆ ಇಲ್ಲ. ಅದು ಈಗಲೂ ಹಲವು ಮನೆಗಳ ಷೋಕೇಸಿನಲ್ಲಿದೆ.

ಹೀಗೆ ಬದಲಾದದ್ದು ಯಾರೋ ಮೋಸ ಮಾಡಿದ್ದರಿಂದ ಅಲ್ಲ. ಈ ಪರೀಕ್ಷೆ ಕೆಲಸ ಮಾಡುವ ರೀತಿಯೇ ಹಾಗೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಕಂಪನಿಗಳು ಸಾಮಾನ್ಯವಾಗಿ ಓದುವುದು ಅದರಲ್ಲಿ ಆರೇಳು ಲಕ್ಷ ಸ್ಥಾನಗಳನ್ನು, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುತ್ತವೆಂದು ಗೊತ್ತಿರುವ ಸ್ಥಾನಗಳನ್ನು. ಈ ಓದು ಬಹುಮಟ್ಟಿಗೆ ಖಚಿತವಾದದ್ದು, ಒಳ್ಳೆಯ ಪಡಿಯಚ್ಚು ತೆಗೆದ ಹಾಗೆ. ಅನುಮಾನ ಹುಟ್ಟುವುದು ಓದಿದ್ದಕ್ಕೆ ಅರ್ಥ ಹೇಳುವಾಗ. ಕಂಪನಿಯ ಹತ್ತಿರ ನಿಮ್ಮ ಪೂರ್ವಜರ ಡಿಎನ್‌ಎ ಇಲ್ಲ. ಇರುವುದು ಇವತ್ತು ಬದುಕಿರುವ ಕೆಲವು ಸಾವಿರ ಜನರದು. ‘ನಮ್ಮ ನಾಲ್ವರು ಅಜ್ಜ-ಅಜ್ಜಿಯರೂ ಇದೇ ಪ್ರದೇಶದವರು’ ಎಂದು ತಾವೇ ಹೇಳಿಕೊಂಡವರದು. ಅವರನ್ನು ಡಬ್ಬಿಗಳಲ್ಲಿ ಹಾಕಿ, ಡಬ್ಬಿಗೆ ಒಂದು ಹೆಸರು ಅಂಟಿಸಿರುತ್ತಾರೆ. ನಿಮ್ಮ ಡಿಎನ್‌ಎಯ ಪ್ರತಿ ತುಣುಕೂ ಯಾವ ಡಬ್ಬಿಯವರಿಗೆ ಹೆಚ್ಚು ಹೋಲುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮಧ್ಯ ಏಷ್ಯಾ ಶೇಕಡಾ ಮೂರು ಎಂದರೆ ನಿಮ್ಮ ನೂರು ಪೂರ್ವಜರಲ್ಲಿ ಮೂವರು ಅಲ್ಲಿಂದ ಬಂದರು ಎಂದಲ್ಲ. ನಿಮ್ಮ ಅಷ್ಟು ತುಣುಕಿಗೆ ಸದ್ಯಕ್ಕೆ ಆ ಹೆಸರಿನ ಡಬ್ಬಿ ಹತ್ತಿರ ಕಂಡಿತು ಎಂದಷ್ಟೇ. ಡಬ್ಬಿಗೆ ಹೊಸಬರು ಸೇರಿದರೆ, ಒಂದು ಡಬ್ಬಿ ಎರಡಾದರೆ, ಉತ್ತರವೂ ಬದಲಾಗುತ್ತದೆ. ಯುರೋಪಿನವರಿಗೆ ಜಿಲ್ಲೆ ಜಿಲ್ಲೆಗೂ ಡಬ್ಬಿ ಇದೆ. ನಮಗೆ ಬಹಳ ಕಾಲ ಒಂದೆರಡೇ ಇದ್ದವು, ಯಾಕೆಂದರೆ ಗಿರಾಕಿಗಳು ಹೆಚ್ಚು ಅಲ್ಲಿಯವರು.

2019ರಲ್ಲಿ ಕೆನಡಾದ ಸಿಬಿಸಿ ವಾಹಿನಿಯ ಪತ್ರಕರ್ತೆಯೊಬ್ಬರು ತಮ್ಮ ಮತ್ತು ತಮ್ಮ ಅವಳಿ ಸೋದರಿಯ ಮಾದರಿಗಳನ್ನು ಐದು ಕಂಪನಿಗಳಿಗೆ ಕಳಿಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು, ಡಿಎನ್‌ಎ ಹೆಚ್ಚುಕಡಿಮೆ ಪಡಿಯಚ್ಚು. ಕಂಪನಿಯಿಂದ ಕಂಪನಿಗೆ ಉತ್ತರ ಬೇರೆಯಾಗಿತ್ತು. ಅದಿರಲಿ, ಒಂದೇ ಕಂಪನಿಯ ವರದಿಯೊಳಗೇ ಅಕ್ಕನಿಗೂ ತಂಗಿಗೂ ಒಂದೇ ಉತ್ತರ ಬರಲಿಲ್ಲ. ಈ ಶೇಕಡಾಗಳಿಗೆ ವಿಶ್ವಾಸದ ಮಟ್ಟ ಎಂಬುದೊಂದು ಇರುತ್ತದೆ. ಒಂದು ಪ್ರಸಿದ್ಧ ಕಂಪನಿ ಗಿರಾಕಿಗೆ ಮೊದಲು ತೋರಿಸುತ್ತಿದ್ದ ಭೂಪಟ ಶೇಕಡಾ 50 ವಿಶ್ವಾಸದ್ದು, ಅಂದರೆ ನಾಣ್ಯ ಚಿಮ್ಮಿದಷ್ಟೇ ಭರವಸೆಯದು. ಬೇಕಾದವರು ಅದನ್ನು 90ಕ್ಕೆ ಏರಿಸಿ ನೋಡಬಹುದಿತ್ತು. ಏರಿಸಿದರೆ ತೆಳು ಹೋಳುಗಳು ಒಂದೊಂದಾಗಿ ಉದುರಿ ‘ಎಲ್ಲಿಯದೆಂದು ಹೇಳಲಾಗದು’ ಎಂಬ ಬೂದು ಬಣ್ಣ ಬೆಳೆಯುತ್ತದೆ. ಬೂದು ಬಣ್ಣದ ಭೂಪಟವನ್ನು ಯಾವ ಸ್ಮರಣ ಸಂಚಿಕೆಯೂ ಅಚ್ಚು ಹಾಕುವುದಿಲ್ಲ.

ಪ್ರಶಸ್ತಿಗೂ ವರದಿಗೂ ಇರುವ ನಂಟು ನನಗೆ ಇಲ್ಲಿ ಕಾಣುತ್ತದೆ. ಎರಡರಲ್ಲೂ ದೂರ ಹೋದಷ್ಟೂ ವೈಭವ ಹೆಚ್ಚು, ಆಧಾರ ಕಡಿಮೆ, ಆದರೆ ಧ್ವನಿ ಮಾತ್ರ ಒಂದಿಷ್ಟೂ ಅಳುಕುವುದಿಲ್ಲ. ಲೆಕ್ಕವನ್ನೇ ನೋಡಿ. ಹತ್ತು ತಲೆಮಾರು ಹಿಂದೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1024 ಸ್ಥಾನಗಳಿವೆ. ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಅರ್ಧ ಅರ್ಧವಾಗಿ, ಕಲಸಿ, ದೊಡ್ಡ ತುಂಡುಗಳಲ್ಲಿ ಇಳಿಯುವುದರಿಂದ ಆ 1024ರಲ್ಲಿ ಹಲವರ ಒಂದು ತುಣುಕೂ ನಮ್ಮೊಳಗೆ ಉಳಿದಿರುವುದಿಲ್ಲ. ಅವರು ನಿಜವಾಗಿ ನಮ್ಮ ಅಜ್ಜ-ಅಜ್ಜಿಯರು, ಆದರೆ ಎಂಜಲಿಗೆ ಅವರ ಪರಿಚಯವೇ ಇಲ್ಲ. ಬೇಲೂರಿನ ಗುಡಿ ಕಟ್ಟಿದ ಕಾಲಕ್ಕೆ ಹೋಗಲು ಮೂವತ್ತೆರಡು ತಲೆಮಾರಾದರೂ ಬೇಕು. ಅಲ್ಲಿ 429 ಕೋಟಿ ಸ್ಥಾನಗಳು. ಆಗ ಇಡೀ ಭೂಮಿಯ ಮೇಲೆ 50 ಕೋಟಿ ಜನರೂ ಇರಲಿಲ್ಲ. ಅಂದರೆ ಅದೇ ಜನ ಸಾವಿರ ಸಲ, ಲಕ್ಷ ಸಲ ಬೇರೆ ಬೇರೆ ಕೊಂಬೆಗಳಲ್ಲಿ ಕೂತಿದ್ದಾರೆ. ಸಳ ಎಂಬವನೊಬ್ಬ ನಿಜವಾಗಿ ಇದ್ದು, ಅವನಿಗೆ ಮಕ್ಕಳು ಮೊಮ್ಮಕ್ಕಳಾಗಿ ವಂಶ ಬೆಳೆದಿದ್ದರೆ, ಈ ಸೀಮೆಯಲ್ಲಿ ಅವನ ವಂಶದವರಲ್ಲದವರನ್ನು ಹುಡುಕುವುದೇ ಕಷ್ಟವಾಗಬಹುದು.

ಇಷ್ಟು ಹೇಳಿದ ಮೇಲೆ ತಳಿಶಾಸ್ತ್ರವೇ ಸುಳ್ಳು ಎಂಬ ಕಡೆಗೆ ಜಾರುವವರಿದ್ದಾರೆ. ನಾನು ಆ ಕಡೆಯವಳಲ್ಲ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ತಂಡದವರು ಭಾರತದ 25 ಸಮುದಾಯಗಳ 132 ಜನರ ಡಿಎನ್‌ಎ ಓದಿ, ಬಹುತೇಕ ಎಲ್ಲರೂ ಎರಡು ಹಳೆಯ ಜನಸಮೂಹಗಳ ಮಿಶ್ರಣ ಎಂದು ತೋರಿಸಿದರು. ಆ ಬೆರಕೆ ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ನಡೆಯಿತು, ಆಮೇಲೆ ಒಳಮದುವೆಯ ಬೇಲಿಗಳು ಎದ್ದವು ಎಂದು 2013ರ ಅಧ್ಯಯನ ಹೇಳಿತು. ಇದು ಸಮೂಹಗಳ ಬಗ್ಗೆ, ಸಾವಿರಾರು ವರ್ಷಗಳ ಬಗ್ಗೆ, ತಪ್ಪಿನ ಅಂದಾಜನ್ನು ಜೊತೆಗಿಟ್ಟುಕೊಂಡು ಆಡಿದ ಮಾತು. ಇದನ್ನು ಒಬ್ಬಳ ಕುಲಗೋತ್ರಕ್ಕೆ ಕತ್ತರಿಸಿ ಮಾರುವಾಗ ಆ ಅಂದಾಜು ಉದುರಿಹೋಗುತ್ತದೆ. ತಮಾಷೆಯೆಂದರೆ, ಸ್ಮರಣ ಸಂಚಿಕೆಯ ಬಾಣ ಶುದ್ಧಿಯನ್ನು ಹೊತ್ತು ಬರುತ್ತದೆ. ಅದು ಯಾವ ವಿಜ್ಞಾನದ ಹೆಸರು ಹೇಳುತ್ತದೋ ಅದು ಹೇಳುವುದೆಲ್ಲ ಬೆರಕೆಯ ಕಥೆ.

ವರದಿಯಲ್ಲಿ ಇನ್ನೊಂದು ಪುಟವಿತ್ತು: ಬಂಧುಗಳ ಪಟ್ಟಿ. ನಿಮ್ಮ ಡಿಎನ್‌ಎ ಜೊತೆ ಇಷ್ಟು ಹಂಚಿಕೊಂಡಿರುವವರು, ಬಹುಶಃ ‘ಸೆಕೆಂಡ್ ಕಸಿನ್’. ಈ ಪುಟ ಓದುವಾಗ ನನಗೆ ಒಬ್ಬ ಕನ್ನಡ ವಿದ್ಯಾರ್ಥಿನಿಯಾಗಿ ಸಂಕಟವೂ ನಗುವೂ ಬಂದವು. ಕಸಿನ್ ಎಂಬ ಒಂದು ಮಾತಿನ ಜಾಗದಲ್ಲಿ ನಮಗೆ ಎರಡು ಲೋಕಗಳಿವೆ. ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗ ಅಣ್ಣತಮ್ಮಂದಿರು. ಅತ್ತೆಯ ಮಗ, ಸೋದರಮಾವನ ಮಗ ವರಸೆಯವರು, ಮದುವೆಗೆ ಬರುವವರು. ಡಿಎನ್‌ಎಗೆ ಇಬ್ಬರೂ ಒಂದೇ, ಸರಾಸರಿ ಎಂಟನೇ ಒಂದು ಪಾಲು. ಒಬ್ಬನ ಕೈಗೆ ರಾಖಿ, ಇನ್ನೊಬ್ಬನ ಕೈಯಿಂದ ತಾಳಿ. ಈ ವ್ಯತ್ಯಾಸ ಇರುವುದು ನಮ್ಮ ಭಾಷೆಯಲ್ಲಿ, ರಕ್ತದಲ್ಲಲ್ಲ.

ಆಮೇಲೆ ಸೋದರಮಾವನನ್ನೇ ಮದುವೆಯಾಗುವ ರೂಢಿ. ನಮ್ಮ ಅಜ್ಜಿ ತಮ್ಮ ತಾಯಿಯ ತಮ್ಮನನ್ನು ಮದುವೆಯಾದವರು. ಹಾಗಾಗಿ ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ತಂದೆಯ ಕಡೆಯಿಂದ ಅಜ್ಜಿಯಾದವಳೇ ತಾಯಿಯ ಕಡೆಯಿಂದ ಮುತ್ತಜ್ಜಿ. ಇದನ್ನು ಅಮೆರಿಕದ ಸಾಫ್ಟ್‌ವೇರಿಗೆ ಹೇಗೆ ವಿವರಿಸುವುದು? ತಲೆಮಾರುಗಟ್ಟಲೆ ಕೆಲವೇ ಹಳ್ಳಿಗಳೊಳಗೆ ಹೆಣ್ಣು ಕೊಟ್ಟು ತಂದುಕೊಂಡ ಜನರಲ್ಲಿ ದೂರದ ನೆಂಟರೂ ಹಲವು ದಾರಿಗಳಿಂದ ಸ್ವಲ್ಪ ಸ್ವಲ್ಪ ಡಿಎನ್‌ಎ ಹಂಚಿಕೊಂಡಿರುತ್ತಾರೆ. ಯಂತ್ರ ಅದನ್ನೆಲ್ಲ ಕೂಡಿಸಿ ಹತ್ತಿರದ ನೆಂಟ ಎನ್ನುತ್ತದೆ. ತಂಗಿಗೆ ಸೆಕೆಂಡ್ ಕಸಿನ್ ಎಂದು ತೋರಿಸಿದ ಒಬ್ಬರನ್ನು ಅಜ್ಜಿಯ ಹತ್ತಿರ ಕೇಳಿದಾಗ, ಅವರು ಬೆರಳು ಮಡಚಿ ಮೂರು ದಾರಿಗಳನ್ನು ಹೇಳಿದರು. ಮೂರೂ ದೂರದವು.

ಬೆರಳು ಮಡಚುವ ಅಜ್ಜಿಗಿಂತ ದೊಡ್ಡ ವಂಶಾವಳಿಕಾರರು ನಮ್ಮಲ್ಲಿದ್ದಾರೆ, ಹೆಳವರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಕಾಳು ಪಡೆದು ಹೋಗುವವರು. ಹೆಳವರೂ ಪ್ರಶಸ್ತಿಕಾರರೇ. ಕಾಳು ಹೆಚ್ಚು ಕೊಟ್ಟ ಮನೆಯ ಮೂಲಪುರುಷ ಸ್ವಲ್ಪ ಎತ್ತರ ಇರುತ್ತಿದ್ದ. ಹೆಣ್ಣುಮಕ್ಕಳ ಹೆಸರು ಅವರ ಪಾಠದಲ್ಲಿ ಬರುವುದೇ ಅಪರೂಪ. ಆದರೂ ಒಂದು ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ಹೆಳವ ತಪ್ಪು ಹೇಳಿದರೆ ಜಗಲಿಯ ಮೇಲಿದ್ದ ಮುದುಕ ‘ಏಯ್, ಅವ ನಮ್ಮ ತಾತನಲ್ಲ, ಪಕ್ಕದ ಹಟ್ಟಿಯವ್ನು’ ಎಂದು ಗದರಬಹುದಿತ್ತು. ಹೆಳವ ಅಲ್ಲೇ ತಿದ್ದಿಕೊಳ್ಳುತ್ತಿದ್ದ, ಅಥವಾ ವಾದ ಮಾಡುತ್ತಿದ್ದ. ವರದಿಯ ಎದುರು ಗದರುವ ಜಗಲಿ ಇಲ್ಲ. ಡಬ್ಬಿಯೊಳಗೆ ಯಾರಿದ್ದಾರೆ ಎಂದು ಕೇಳಿದರೆ ಅದು ಕಂಪನಿಯ ಸ್ವತ್ತು. ಕಂಪನಿಗಳ ಆಯುಸ್ಸಾದರೂ ಎಷ್ಟು? 2006ರಲ್ಲಿ ಶುರುವಾಗಿ ಈ ವ್ಯಾಪಾರಕ್ಕೆ ಹೆಸರು ತಂದುಕೊಟ್ಟ ಟ್ವೆಂಟಿಥ್ರೀ ಆಂಡ್ ಮೀ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಒಂದೂವರೆ ಕೋಟಿ ಗಿರಾಕಿಗಳ ಎಂಜಲಿನ ಲೆಕ್ಕ ಆಗ ಹರಾಜಿನ ಸರಕು.

ಇಲ್ಲಿಯವರೆಗೆ ಹೇಳಿದ್ದು ದೂರದ ಮಾತು. ಹತ್ತಿರದ ಮಾತು ಬೇರೆ, ಮತ್ತು ನನ್ನ ನಿಜವಾದ ಆತಂಕ ಅಲ್ಲಿದೆ. ಈ ಪರೀಕ್ಷೆ ಸಾವಿರ ವರ್ಷದ ಹಿಂದಿನದನ್ನು ಹೇಳುವಾಗ ಎಷ್ಟು ತಡವರಿಸುತ್ತದೋ, ಒಂದು ತಲೆಮಾರಿನ ಹಿಂದಿನದನ್ನು ಹೇಳುವಾಗ ಅಷ್ಟೇ ಕರಾರುವಾಕ್ಕಾಗಿದೆ. ಇವರಿಬ್ಬರು ತಂದೆ-ಮಗಳು ಹೌದೋ ಅಲ್ಲವೋ, ಇವರು ಒಡಹುಟ್ಟಿದವರೋ ಅರೆ ಒಡಹುಟ್ಟಿದವರೋ. ಇಲ್ಲಿ ಅದು ಶಾಸನದ ಹುಣಸೇಮರ. ಜನ ದುಡ್ಡು ಕೊಡುವುದು ಯದುವಿಗಾಗಿ, ಸಿಗುವ ಗಟ್ಟಿ ಮಾಹಿತಿ ಅಪ್ಪನ ಬಗ್ಗೆ. ಪರೀಕ್ಷೆಯನ್ನು ಪೂರ್ತಿ ತಳ್ಳಿಹಾಕುವ ಸಂಶಯವಾದಿಗಳು ಗಮನಿಸದೇ ಹೋಗುವುದು ಇದನ್ನೇ.

ಅಪ್ಪ-ಮಗನ ಗುರುತಿನ ಬಗ್ಗೆ ಬೇಲೂರಿಗೆ ತನ್ನದೇ ಕಥೆಯಿದೆ. ಜಕಣಾಚಾರಿ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಊರಿಂದ ಹೊರಟ. ಮಗ ಡಂಕಣ ದೊಡ್ಡವನಾಗಿ ಅಪ್ಪನನ್ನು ಹುಡುಕುತ್ತ ಬೇಲೂರಿಗೆ ಬಂದ. ಅಲ್ಲಿ ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂದ. ಗಂಧ ಹಚ್ಚಿದರು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಒಡೆದರೆ ಕಪ್ಪೆ. ಜಕಣ ಮಾತಿಗೆ ತಪ್ಪದೆ ತನ್ನ ಬಲಗೈ ಕತ್ತರಿಸಿಕೊಂಡ. ಆಮೇಲೆ ಇವನೇ ಮಗನೆಂದು ತಿಳಿಯಿತು. ಕಪ್ಪೆ ಚೆನ್ನಿಗರಾಯ ಎಂದು ಕರೆಯುವ, ಶಾಂತಲೆ ಕಟ್ಟಿಸಿದ ಗುಡಿಯ ಮುಂದೆ ಇದನ್ನು ಹೇಳದ ಗೈಡಿಲ್ಲ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾದ ಮೇಲಂತೂ ಇದು ಚರಿತ್ರೆಯೇ ಆಗಿಹೋಗಿದೆ. ಕಥೆಯಾಗಿ ಅದು ನನಗೆ ಬಹಳ ಇಷ್ಟ. ಮಗನ ಮುಖ ಅಪ್ಪನಂತಿತ್ತು ಎಂದು ಕಥೆ ಹೇಳುವುದಿಲ್ಲ. ಅಪ್ಪನ ಕಣ್ಣು ತಪ್ಪಿದ್ದನ್ನು ಮಗನ ಕಣ್ಣು ಹಿಡಿಯಿತು, ಆ ಕಣ್ಣೇ ಗುರುತು. ಆದರೆ ಅದಕ್ಕೆ ತೆರಬೇಕಾದ ಬೆಲೆ ಒಂದು ಕೈ ಎಂಬುದನ್ನೂ ಕಥೆ ಮರೆಯುವುದಿಲ್ಲ.

ಜಕಣನ ಹೆಸರಿನ ಆಧಾರ ಬೇಲೂರಿನ ಕಲ್ಲುಗಳಲ್ಲಿಲ್ಲ. ಅಲ್ಲಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಇಬ್ಬರೂ ಮದನಿಕೆಗಳ ಕೆಳಗೆ ಸಹಿ ಹಾಕಿದ್ದಾರೆ. ಸಹಿಯಲ್ಲಿ ಊರು, ತಂದೆಯ ಹೆಸರು, ಪ್ರತಿಸ್ಪರ್ಧಿಗಳನ್ನು ಕೆಣಕುವ ಬಿರುದು. ಬ್ರಹ್ಮನಿಂದ ಆರಂಭವಾಗುವುದಿಲ್ಲ, ಒಂದೇ ಒಂದು ತಲೆಮಾರು. ‘ಓಜ’ ಎಂಬ ಕೊನೆಯಕ್ಷರವೂ ‘ಉಪಾಧ್ಯಾಯ’ದಿಂದ ಬಂದ ತದ್ಭವ, ಕಲಿಸುವವ ಎಂದು ಅರ್ಥ. ಒಳಗಡೆ ರಾಜನ ಶಾಸನ ಒಂಬತ್ತು ಮೆಟ್ಟಿಲು ಹತ್ತಿ ಬ್ರಹ್ಮನನ್ನು ಮುಟ್ಟುತ್ತಿರುವಾಗ, ಹೊರಗೋಡೆಯ ಮೇಲೆ ಕೆಲಸಗಾರ ಅಪ್ಪನ ಹೆಸರು ಬರೆದು ಸುಮ್ಮನಾಗಿದ್ದಾನೆ. ಚಾವಣ ದಾಸೋಜನಿಗೇ ಹುಟ್ಟಿದವನೋ ಎಂದು ಒಂಬತ್ತು ನೂರು ವರ್ಷ ಯಾರೂ ಕೇಳಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದನ್ನು ಬರೆದವರು ಇದೇ ಜಿಲ್ಲೆಯ ಸಂತೇಶಿವರದ ಎಸ್. ಎಲ್. ಭೈರಪ್ಪ. 1965ರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯರು ವಂಶದ ಪಾವಿತ್ರ್ಯವನ್ನೇ ಬದುಕಿನ ಕಂಬವೆಂದು ನಂಬಿದವರು. ಆ ಕಂಬಕ್ಕೆ ಒರಗಿಯೇ ಅವರು ವಿಧವೆ ಸೊಸೆ ಕಾತ್ಯಾಯಿನಿಯ ಮರುಮದುವೆಯ ಮುಂದೆ ನಿಲ್ಲುತ್ತಾರೆ, ಮೊಮ್ಮಗ ಮನೆಯಲ್ಲೇ ಉಳಿಯುತ್ತಾನೆ. ಕೊನೆಗಾಲದಲ್ಲಿ ಅವರಿಗೆ ತಿಳಿಯುವುದು, ದಾಯಾದಿ ಹಗೆಯಲ್ಲಿ ಆಸ್ತಿ ಕೈತಪ್ಪದಿರಲೆಂದು ತಮ್ಮನ್ನು ಬೇರೊಬ್ಬನಿಂದ ಪಡೆಯಲಾಯಿತು ಎಂಬುದು. ಭೈರಪ್ಪನವರ ನಂತರದ ನಿಲುವುಗಳ ಜೊತೆ ನನಗೆ ಜಗಳವಿದೆ. ಈ ಕಾದಂಬರಿಯಲ್ಲೂ ಕಾತ್ಯಾಯಿನಿಗೆ ಸಿಕ್ಕ ಶಿಕ್ಷೆ ಹೆಚ್ಚಾಯಿತು, ಅವಳ ಮಕ್ಕಳು ಬಸಿರಲ್ಲೇ ಸಾಯುವುದರಲ್ಲಿ ಲೇಖಕನ ತೀರ್ಪು ಅಡಗಿದೆ ಎಂದೇ ನನ್ನ ಓದು. ಆದರೆ ಶ್ರೋತ್ರಿಯರಿಗೆ ಸತ್ಯ ತಲುಪುವ ಕ್ರಮದಲ್ಲಿ ಅವರು ಅವಸರ ಮಾಡಿಲ್ಲ. ಆ ಸತ್ಯವನ್ನು ಹೊರಲು ಬೇಕಾದ ವಯಸ್ಸು, ಕಪಿಲೆಯ ದಂಡೆಯ ದಿನಚರಿ, ಬಿಟ್ಟುಹೋಗಲು ಸಂನ್ಯಾಸ ಎಂಬ ಒಂದು ದಾರಿ, ಇಷ್ಟನ್ನೂ ಕಾದಂಬರಿ ನೂರಾರು ಪುಟಗಳಲ್ಲಿ ಮೊದಲೇ ಕಟ್ಟಿಟ್ಟಿರುತ್ತದೆ. ಈಗ ಅದೇ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಮೊಬೈಲಿನಲ್ಲಿ ‘ನಿಮ್ಮ ಫಲಿತಾಂಶ ಸಿದ್ಧವಾಗಿದೆ’ ಎಂದು ಬರುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಕಾದಂಬರಿಕಾರನಷ್ಟೇ ಎಚ್ಚರದಿಂದ ನಡೆದುಕೊಂಡಿದೆ. ಊರ್ಜಿತ ಮದುವೆಯಲ್ಲಿ ಹುಟ್ಟಿದ ಮಗು ಆ ಗಂಡನದೇ ಎಂದು 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮು ಹೇಳುತ್ತಿತ್ತು. ಹೊಸ ಸಾಕ್ಷ್ಯ ಕಾಯಿದೆಯಲ್ಲಿ ಅದೇ ಮಾತು 116ನೇ ಕಲಮಾಗಿದೆ. ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆದೇಶಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. ಗಂಡಹೆಂಡಿರ ಜಗಳದಲ್ಲಿ ಮಗುವಿನ ಡಿಎನ್‌ಎಯನ್ನು ಆಯುಧ ಮಾಡಿಕೊಳ್ಳಬಾರದು, ಮಗುವಿಗೂ ಖಾಸಗಿತನವಿದೆ ಎಂದು 2023ರಲ್ಲಿ ಮತ್ತೆ ಹೇಳಿತು. ನ್ಯಾಯಾಧೀಶರು ಇಷ್ಟು ಯೋಚಿಸಿ ತೆರೆಯುವ ಬಾಗಿಲನ್ನು ಕಿಟ್ಟು ರಿಯಾಯಿತಿ ದರದಲ್ಲಿ, ದೀಪಾವಳಿಯ ಉಡುಗೊರೆಯಾಗಿ ತೆರೆದಿಡುತ್ತದೆ.

ತಂಗಿಗೆ ಇಷ್ಟನ್ನೂ ಬರೆದು ಕಳಿಸಿದೆ. ಅವಳು ಓದಿದಳು, ‘ದೂರದ್ದು ಪ್ರಶಸ್ತಿ ಅನ್ನೋದು ಒಪ್ಪಿದೆ ಅಕ್ಕ’ ಅಂದಳು. ಆದರೆ ಅವಳಿಗೆ ಇನ್ನೊಂದು ಆಸೆಯಿತ್ತು. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು ಹೆಣ್ಣುಮಕ್ಕಳಲ್ಲಿ ಇರುವುದಿಲ್ಲ. ಗಂಡುಸಂತಾನದ ದಾರಿ ತಿಳಿಯಬೇಕಾದರೆ ಮನೆಯ ಗಂಡಸೊಬ್ಬ ಉಗುಳಬೇಕು. ಊರಿಗೆ ಬಂದಾಗ ಚಿಕ್ಕಪ್ಪನಿಗೆಂದು ಒಂದು ಕಿಟ್ಟು, ನಮ್ಮಪ್ಪನಿಗೆಂದು ಇನ್ನೊಂದು ತಂದಿದ್ದಳು. ಅಣ್ಣತಮ್ಮಂದಿರು ಇಬ್ಬರೂ ಉತ್ಸಾಹದಲ್ಲೇ ಇದ್ದರು. ಚಿಕ್ಕಪ್ಪನ ತಲೆಯಲ್ಲಿ ಮುಂದಿನ ಸಮ್ಮೇಳನವಿತ್ತು.

ಅಜ್ಜಿ ಅಡಿಕೆ ಕತ್ತರಿಸುತ್ತ ಕೂತಿದ್ದವರು ತಲೆ ಎತ್ತದೆ ಅಂದರು: ‘ನಾನಿರೋ ಗಂಟ ಈ ಮನೇಲಿ ಯಾರೂ ಉಗಿಯಂಗಿಲ್ಲ ಕಣೇ.’

ಎಂಜಲಿನ ಮಡಿಗೆ ಅಂದರೋ, ಬೇರೆ ಯಾವುದಕ್ಕೆ ಅಂದರೋ ಯಾರೂ ಕೇಳಲಿಲ್ಲ. ತಂಗಿ ಏನೋ ಹೇಳಲು ಬಾಯಿ ತೆರೆದು ನನ್ನ ಮುಖ ನೋಡಿದಳು. ನಾನು ಎರಡೂ ಕಿಟ್ಟುಗಳನ್ನು ಎತ್ತಿ ನಡುಮನೆಯ ಅಲ್ಮೇರಾದಲ್ಲಿ, ಹಳೇ ಪಂಚಾಂಗಗಳ ಹಿಂದೆ ಇಟ್ಟೆ. ಡಬ್ಬಿಯ ಮೇಲೆ ಅವಧಿ ಮುಗಿಯುವ ದಿನಾಂಕವಿದೆ, ಬರುವ ಮಾರ್ಚ್.